ಹೊಟ್ಟೆ ನೋವು ಇದೆ, ರಿಪೋರ್ಟ್ ನಾರ್ಮಲ್ ಇದೆ: ಮಕ್ಕಳ ಅಪೆಂಡಿಸೈಟಿಸ್‌ನಲ್ಲಿ ರಕ್ತ ಪರೀಕ್ಷೆಯನ್ನು ಎಷ್ಟು ನಂಬಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಬೆಳಿಗ್ಗೆ ಒಂಬತ್ತು ಗಂಟೆ. ನೀವು ಕಾಲೇಜಿಗೋ ಕೆಲಸಕ್ಕೋ ಹೊರಟಿದ್ದೀರಿ. ವಾಟ್ಸ್‌ಆ್ಯಪ್‌ನಲ್ಲಿ ಅಕ್ಕನಿಂದ ಒಂದು ಪಿಡಿಎಫ್ ಬರುತ್ತೆ. ಗಂಗಾವತಿಯ ಯಾವುದೋ ಲ್ಯಾಬಿನ ರಕ್ತ ಪರೀಕ್ಷೆ ರಿಪೋರ್ಟು. ಕೆಳಗೆ ವಾಯ್ಸ್ ಮೆಸೇಜು: "ತಮ್ಮಾ, ರಾತ್ರಿಯಿಂದ ಹುಡುಗ ಹೊಟ್ಟಿ ಹೊಟ್ಟಿ ಅನ್ನಾಕತ್ತಾನ. ರಕ್ತ ತಗದು ಇದನ್ನ ಕೊಟ್ಟಾರ. ನಾರ್ಮಲ್ ಐತೇನು ನೋಡಿ ಹೇಳಪ."

ಮನೆಯಲ್ಲಿ ಸ್ಮಾರ್ಟ್‌ಫೋನು, ಗೂಗಲ್ಲು ಚೆನ್ನಾಗಿ ಗೊತ್ತಿರೋದು ನಿಮಗೆ ಅಂತ ಇಂಥ ಪ್ರಶ್ನೆ ನಿಮಗೇ ಬರುತ್ತೆ. ನೀವು ಪಿಡಿಎಫ್ ತೆರೆದು, ದಪ್ಪ ಅಕ್ಷರದಲ್ಲಿ ಯಾವುದಾದರೂ ಅಂಕಿ ಇದೆಯಾ ಅಂತ ನೋಡ್ತೀರಿ. ಇಲ್ಲ. ಎಲ್ಲ ಮಿತಿಯೊಳಗೇ ಇದೆ. "ಎಲ್ಲ ನಾರ್ಮಲ್ ಐತಿ, ಚಿಂತಿ ಮಾಡಬ್ಯಾಡ" ಅಂತ ಟೈಪ್ ಮಾಡೋಕೆ ಶುರು ಮಾಡ್ತೀರಿ.

ಅಲ್ಲೇ ಒಂದು ನಿಮಿಷ ನಿಲ್ಲಿ. ಇವತ್ತಿನ ಸಂಚಿಕೆ ಆ ಒಂದು ನಿಮಿಷದ ಬಗ್ಗೆ. ಮಗುವಿನ ಹೊಟ್ಟೆ ನೋವು ಅಪೆಂಡಿಸೈಟಿಸ್ ಆಗಿದ್ದರೆ ರಕ್ತದಲ್ಲಿ ಏನೇನು ಬದಲಾಗುತ್ತೆ, ಯಾವಾಗ ಬದಲಾಗುತ್ತೆ, ಆ ಅಂಕಿಗಳನ್ನು ನೋಡಿ ಎಷ್ಟು ಧೈರ್ಯ ತಗೋಬಹುದು, ನೋಡೋಣ.

ಮೊದಲು, ಇದು ಏನು?

ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದ ಹತ್ತಿರ, ಹೊಟ್ಟೆಯ ಬಲಗಡೆ ಕೆಳಭಾಗದಲ್ಲಿ, ಒಂದು ತುದಿ ಮುಚ್ಚಿರುವ ಸಣ್ಣ ಕೊಳವೆ ಇದೆ. ಅದೇ ಅಪೆಂಡಿಕ್ಸ್. ಅದರ ಬಾಯಿ ಗಟ್ಟಿಯಾದ ಮಲದ ತುಣುಕಿನಿಂದಲೋ, ಊದಿಕೊಂಡ ದುಗ್ಧಗ್ರಂಥಿಯ ಅಂಗಾಂಶದಿಂದಲೋ ಮುಚ್ಚಿಕೊಂಡರೆ ಒಳಗೆ ಒತ್ತಡ ಹೆಚ್ಚುತ್ತೆ, ಬ್ಯಾಕ್ಟೀರಿಯಾ ಬೆಳೆಯುತ್ತೆ, ಗೋಡೆ ಊದಿಕೊಳ್ಳುತ್ತೆ. ಹಾಗೇ ಬಿಟ್ಟರೆ ಗೋಡೆ ಕೊಳೆತು ತೂತಾಗಬಹುದು. ಆಗ ಕೀವು ಹೊಟ್ಟೆಯೊಳಗೆಲ್ಲ ಹರಡುತ್ತೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮುಗಿಯುವ ಆಸ್ಪತ್ರೆ ವಾಸ ವಾರಗಟ್ಟಲೆ ಆಗೋದು, ಕೆಲವೊಮ್ಮೆ ಜೀವಕ್ಕೇ ಕುತ್ತು ಬರೋದು ಈ ಹಂತದಲ್ಲಿ.

ಇದು ಹೆಚ್ಚಾಗಿ ಕಾಣಿಸೋದು 10ರಿಂದ 20 ವರ್ಷದೊಳಗೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅಪರೂಪ. ಆದರೆ ಬಂದರೆ ಹೆಚ್ಚು ಅಪಾಯ. ಪುಟ್ಟ ಮಗುವಿಗೆ ಎಲ್ಲಿ ನೋವು ಅಂತ ಹೇಳೋಕೆ ಬರಲ್ಲ. ಅದರ ಅಪೆಂಡಿಕ್ಸ್ ಗೋಡೆಯೂ ತೆಳು. ಹಾಗಾಗಿ ಆ ವಯಸ್ಸಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ರೋಗ ಗೊತ್ತಾಗುವ ಹೊತ್ತಿಗೆ ಅಪೆಂಡಿಕ್ಸ್ ಒಡೆದಿರುತ್ತೆ.

ಒಂದು ಮನೆಯ ರಾತ್ರಿ

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಇದು ಯಾರದೋ ನಿಜವಾದ ಕೇಸಲ್ಲ, ಅರ್ಥವಾಗಲಿ ಅಂತ ಕಟ್ಟಿದ ಉದಾಹರಣೆ.

ಕಾರಟಗಿ ಕಡೆಯ ಒಂದು ಹಳ್ಳಿ. ಎಂಟು ವರ್ಷದ ಹುಡುಗ. ರಾತ್ರಿ ಹತ್ತಕ್ಕೆ ಹೊಕ್ಕುಳ ಸುತ್ತ ನೋವು ಶುರುವಾಯಿತು. ಊಟ ಬೇಡ ಅಂದ. ಎರಡು ಸಲ ವಾಂತಿ ಮಾಡಿದ.

ಅಜ್ಜಿ ಹೇಳ್ತಾರೆ: "ಏನೂ ಆಗೂದಿಲ್ಲ ತಗೋ ಬೇ. ಸಂತ್ಯಾಗ ಒಗ್ಗರಣಿ-ಮಿರ್ಚಿ ತಿಂದಾನ, ಹೊಟ್ಟಿ ಹಿಡದೈತಿ. ಇಲ್ಲಂದ್ರ ಬಟ್ಟಿ ಸರದಿರಬೇಕು. ಮುಂಜಾನಿ ತಿಕ್ಕಿಸ್ಕೊಂಡು ಬರೂಣಂತ."

ಬೆಳಗಿನ ಜಾವಕ್ಕೆ ನೋವು ಬಲಗಡೆ ಕೆಳಕ್ಕೆ ಇಳಿದಿದೆ. ಸೊಸೆ ಹೇಳ್ತಾಳೆ: "ಅತ್ತಿ, ನೆಟ್ಟಗ ನಿಲ್ಲಾಕೂ ಒಲ್ಲ ಅಂತಾನ. ಬಗ್ಗಿಕೊಂಡು ನಡ್ಯಾಕತ್ತಾನ ನೋಡ್ರಿ."

ಸೊಸೆ ಹೇಳಿದ ಆ ಎರಡು ವಾಕ್ಯದಲ್ಲಿ ಲ್ಯಾಬಿನ ರಿಪೋರ್ಟಿಗಿಂತ ಹೆಚ್ಚು ಮಾಹಿತಿ ಇದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಬೆಳಿಗ್ಗೆ ಎಂಟಕ್ಕೆ, ಅಂದರೆ ನೋವು ಶುರುವಾಗಿ ಹತ್ತು ಗಂಟೆಗೆ, ರಕ್ತ ತೆಗೆದರು. ಬಿಳಿ ರಕ್ತಕಣ 9,800. ಅದರಲ್ಲಿ ನ್ಯೂಟ್ರೋಫಿಲ್ ಶೇ 70. ಸಿಆರ್‌ಪಿ ಪ್ರತಿ ಲೀಟರಿಗೆ 4 ಮಿಲಿಗ್ರಾಂ. ಎಲ್ಲ ಮಿತಿಯೊಳಗೆ. ನಿಮಗೆ ಬಂದ ಪಿಡಿಎಫ್ ಇದೇ ಅಂತ ಇಟ್ಟುಕೊಳ್ಳಿ.

ಮೊದಲ ಸಾಲು: ಕೌಂಟ್

ಸಿಬಿಸಿ ರಿಪೋರ್ಟಿನಲ್ಲಿ ಡಬ್ಲ್ಯುಬಿಸಿ ಅಥವಾ ಟಿಎಲ್‌ಸಿ ಅಂತ ಇರೋದು ಬಿಳಿ ರಕ್ತಕಣಗಳ ಒಟ್ಟು ಲೆಕ್ಕ. ಜನ ಸುಮ್ಮನೆ ಕೌಂಟ್ ಅಂತಾರೆ. ದೇಹದಲ್ಲಿ ಎಲ್ಲೇ ಸೋಂಕು ಅಥವಾ ಉರಿಯೂತ ಆದರೂ ಇದು ಏರಬಹುದು. ಅದರ ಒಂದು ಬಗೆ ನ್ಯೂಟ್ರೋಫಿಲ್. ಬ್ಯಾಕ್ಟೀರಿಯಾ ಸೋಂಕಾದಾಗ ಮೊದಲು ಓಡಿ ಬರುವ ಕಣಗಳು ಇವು.

ಇಲ್ಲಿ ಎರಡು ವಿಷಯ ಗೊತ್ತಿರಲಿ. ಒಂದು, ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ 4,000ದಿಂದ 11,000 ಅನ್ನೋ ಮಿತಿ ಸಾಮಾನ್ಯವಾಗಿ ದೊಡ್ಡವರದು. ಸಣ್ಣ ಮಕ್ಕಳ ಕೌಂಟ್ ಸಹಜವಾಗಿಯೇ ಹೆಚ್ಚು. ನಾಲ್ಕು ವರ್ಷದ ಮಗುವಿಗೆ 12,500 ಇದ್ದರೆ ಲ್ಯಾಬಿನ ಕಂಪ್ಯೂಟರ್ ದಪ್ಪ ಅಕ್ಷರ ಮಾಡಿದರೂ ಅದು ಆ ಮಗುವಿಗೆ ನಾರ್ಮಲ್ ಇರಬಹುದು.

ಎರಡು, ಶೇಕಡಾ ಮಾತ್ರ ನೋಡಿದರೆ ಸಾಲದು. ಒಟ್ಟು ಕೌಂಟನ್ನು ನ್ಯೂಟ್ರೋಫಿಲ್ ಶೇಕಡಾದಿಂದ ಗುಣಿಸಿದರೆ ನಿಜವಾದ ಸಂಖ್ಯೆ ಸಿಗುತ್ತೆ. ನಮ್ಮ ಹುಡುಗನ 9,800ರಲ್ಲಿ ಶೇ 70 ಅಂದರೆ 6,860. ವೈದ್ಯರು ಮಕ್ಕಳ ಅಪೆಂಡಿಸೈಟಿಸ್ ಅಂಕಪಟ್ಟಿಯಲ್ಲಿ ಬಳಸುವ ಗೆರೆ 7,500. ಅದಕ್ಕಿಂತ ಕಡಿಮೆ.

ಎರಡನೇ ಸಾಲು: ಸಿಆರ್‌ಪಿ

ಸಿಆರ್‌ಪಿ ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್. ಉರಿಯೂತದ ಸುದ್ದಿ ಮುಟ್ಟಿದ ಮೇಲೆ ನಮ್ಮ ಯಕೃತ್ತು, ಅಂದರೆ ಲಿವರ್, ಇದನ್ನು ತಯಾರಿಸುತ್ತೆ. ಇದು ಪತ್ತೆಯಾಗಿದ್ದು 1930ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ. ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಅನ್ನೋ ಇಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡರು.

ಗಮನಿಸಿ, ನ್ಯುಮೋನಿಯಾ ರೋಗಿಗಳಲ್ಲಿ. ಅಂದರೆ ಸಿಆರ್‌ಪಿಗೂ ಅಪೆಂಡಿಕ್ಸ್‌ಗೂ ವಿಶೇಷ ನಂಟಿಲ್ಲ. ಶ್ವಾಸಕೋಶ, ಮೂತ್ರಕೋಶ, ಕರುಳು ಎಲ್ಲಿ ಬೆಂಕಿ ಹತ್ತಿದರೂ ಇದು ಏರುತ್ತೆ. ಬೆಂಕಿ ಎಲ್ಲಿ ಅಂತ ಹೇಳಲ್ಲ. ಇನ್ನೊಂದು ವಿಚಿತ್ರ ಅಂದರೆ, ಶ್ವಾಸಕೋಶದ ಕೆಳಭಾಗದ ನ್ಯುಮೋನಿಯಾ ಆದ ಮಕ್ಕಳು ಕೆಲವೊಮ್ಮೆ ಎದೆ ಬಿಟ್ಟು ಹೊಟ್ಟೆ ಹಿಡಿದುಕೊಂಡೇ ಅಳ್ತಾರೆ. ಹಾಗಾಗಿ ಹೊಟ್ಟೆ ನೋವಿಗೆ ಡಾಕ್ಟರ್ ಎದೆಗೂ ಸ್ಟೆತಾಸ್ಕೋಪ್ ಇಟ್ಟರೆ ಆಶ್ಚರ್ಯ ಪಡಬೇಡಿ.

ಸಿಆರ್‌ಪಿಯ ಮುಖ್ಯ ಗುಣ, ಅದು ನಿಧಾನ. ತೊಂದರೆ ಶುರುವಾಗಿ ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ ಏರೋಕೆ ಶುರುವಾಗುತ್ತೆ. ತುದಿ ಮುಟ್ಟೋದು ಒಂದೂವರೆ-ಎರಡು ದಿನಕ್ಕೆ. ನಮ್ಮ ಹುಡುಗನ ರಕ್ತ ತೆಗೆದದ್ದು ಹತ್ತನೇ ಗಂಟೆಗೆ. ಆಗ 4 ಇರೋದು ರೋಗ ಇಲ್ಲ ಅನ್ನೋದಕ್ಕೆ ಸಾಕ್ಷಿ ಅಲ್ಲ. ಯಕೃತ್ತು ಇನ್ನೂ ಕೆಲಸ ಶುರು ಮಾಡಿಲ್ಲದಿರಬಹುದು, ಅಷ್ಟೇ.

ಅದೇ ಹುಡುಗನಿಗೆ ಸಂಜೆ ಆರಕ್ಕೆ, ಇಪ್ಪತ್ತನೇ ಗಂಟೆಗೆ, ಮತ್ತೆ ರಕ್ತ ತೆಗೆದರು ಅಂದುಕೊಳ್ಳಿ. ಕೌಂಟ್ 15,600, ನ್ಯೂಟ್ರೋಫಿಲ್ ಶೇ 84, ಅಂದರೆ 13,104. ಸಿಆರ್‌ಪಿ 48. ಮಗು ಅದೇ, ರೋಗ ಅದೇ, ಸಮಯ ಮಾತ್ರ ಬೇರೆ. ಬೆಳಗಿನ ರಿಪೋರ್ಟ್ ಸುಳ್ಳಾಗಿರಲಿಲ್ಲ, ಬೇಗ ತೆಗೆದದ್ದಾಗಿತ್ತು.

ಸಿಆರ್‌ಪಿ ಓದುವಾಗ ಇನ್ನೊಂದು ಎಚ್ಚರ. ಕೆಲವು ಲ್ಯಾಬುಗಳು ಇದನ್ನು ಪ್ರತಿ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಕೊಡುತ್ತವೆ, ಕೆಲವು ಪ್ರತಿ ಡೆಸಿಲೀಟರಿಗೆ. ಎರಡರ ನಡುವೆ ಹತ್ತು ಪಟ್ಟು ವ್ಯತ್ಯಾಸ. ಡೆಸಿಲೀಟರಿನ 4.8 ಅಂದರೆ ಲೀಟರಿನ 48. ಎರಡು ಲ್ಯಾಬಿನ ರಿಪೋರ್ಟ್ ಹೋಲಿಸಿ "ಕಡಿಮೆ ಆಗೈತಿ" ಅನ್ನುವ ಮೊದಲು ಅಂಕಿಯ ಪಕ್ಕದ ಅಳತೆ ನೋಡಿ.

ಹತ್ತು ಅಂಕದಲ್ಲಿ ರಕ್ತಕ್ಕೆ ಎರಡೇ

ಈಗ ಮುಖ್ಯ ವಿಷಯಕ್ಕೆ ಬರೋಣ. ಮಕ್ಕಳ ಅಪೆಂಡಿಸೈಟಿಸ್ ಅಳೆಯೋಕೆ ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿ ಬಳಸುವ ಒಂದು ಅಂಕಪಟ್ಟಿ ಇದೆ. ಪೀಡಿಯಾಟ್ರಿಕ್ ಅಪೆಂಡಿಸೈಟಿಸ್ ಸ್ಕೋರ್ ಅಂತ ಹೆಸರು. ಮದನ್ ಸ್ಯಾಮ್ಯುಯೆಲ್ ಅನ್ನೋ ಸರ್ಜನ್ 2002ರಲ್ಲಿ ಪ್ರಕಟಿಸಿದರು. ಒಟ್ಟು ಹತ್ತು ಅಂಕ.

ನೋವು ಹೊಕ್ಕುಳದಿಂದ ಬಲಗಡೆ ಕೆಳಕ್ಕೆ ಸರಿದಿದ್ದರೆ 1. ಊಟ ಸೇರದಿದ್ದರೆ 1. ವಾಕರಿಕೆ ಅಥವಾ ವಾಂತಿಗೆ 1. ಜ್ವರಕ್ಕೆ 1. ಬಲಗಡೆ ಕೆಳಭಾಗ ಒತ್ತಿದರೆ ನೋವಾದರೆ 2. ಕೆಮ್ಮಿದಾಗ, ಕುಪ್ಪಳಿಸಿದಾಗ ಅಥವಾ ಬೆರಳಿನಿಂದ ತಟ್ಟಿದಾಗ ಅಲ್ಲೇ ನೋವಾದರೆ 2. ಇಲ್ಲಿಗೆ ಎಂಟು ಆಯಿತು. ಉಳಿದ ಎರಡು ಮಾತ್ರ ರಕ್ತದ್ದು: ಕೌಂಟ್ 10,000 ದಾಟಿದ್ದರೆ 1, ನ್ಯೂಟ್ರೋಫಿಲ್ 7,500 ದಾಟಿದ್ದರೆ 1.

ನಮ್ಮ ಹುಡುಗನಿಗೆ ಲೆಕ್ಕ ಹಾಕಿ. ನೋವು ಸರಿದಿದೆ, 1. ಊಟ ಬಿಟ್ಟಿದ್ದಾನೆ, 1. ವಾಂತಿ, 1. ಡಾಕ್ಟರ್ ಒತ್ತಿ ನೋಡಿದರು, ನೋವಿತ್ತು, 2. ಒಂದೇ ಕಾಲಲ್ಲಿ ಜಿಗಿ ಅಂದರು, ಆಗಲಿಲ್ಲ, 2. ಒಟ್ಟು ಏಳು. ಜ್ವರ ಇಲ್ಲ, ರಕ್ತದ ಎರಡೂ ಅಂಕ ಸೊನ್ನೆ. ಆದರೂ ಏಳು. ಸಾಮಾನ್ಯವಾಗಿ ಏಳು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಅಪೆಂಡಿಸೈಟಿಸ್ ಸಾಧ್ಯತೆ ಹೆಚ್ಚು ಅಂತಲೇ ಹಿಡೀತಾರೆ. ಮೂರರೊಳಗಿದ್ದರೆ ಸಾಧ್ಯತೆ ಕಡಿಮೆ. ನಡುವೆ ಇದ್ದರೆ ಸ್ಕ್ಯಾನ್ ಮಾಡಿಸ್ತಾರೆ, ಇಲ್ಲವೇ ಕೆಲವು ಗಂಟೆ ಇಟ್ಟುಕೊಂಡು ಮತ್ತೆ ಪರೀಕ್ಷೆ ಮಾಡ್ತಾರೆ.

ಅಜ್ಜಿ-ಸೊಸೆಯ ಮಾತಲ್ಲಿ ಹೆಚ್ಚು ಮಾಹಿತಿ ಇತ್ತು ಅಂದಿದ್ದು ಇದಕ್ಕೇ. ನೋವು ಕೆಳಗಿಳಿದದ್ದು, ಬಗ್ಗಿಕೊಂಡು ನಡೆಯೋದು ಪಿಡಿಎಫ್‌ನಲ್ಲಿ ಬರಲ್ಲ. ಮಗುವಿನ ಹೊಟ್ಟೆಯನ್ನು ಯಾರಾದರೂ ಮುಟ್ಟಿ ನೋಡದೇ ಬರೀ ರಿಪೋರ್ಟ್ ಮೇಲೆ ತೀರ್ಮಾನ ಆಗಿದ್ದರೆ, ಆ ತೀರ್ಮಾನ ಅರ್ಧವೇ.

ಆದರೆ ಈ ಪಟ್ಟಿ ಇಟ್ಟುಕೊಂಡು ಮನೆಯಲ್ಲೇ ಅಂಕ ಹಾಕೋಕೆ ಹೋಗಬೇಡಿ. ಹೊಟ್ಟೆ ಒತ್ತಿ ನೋಡೋದು ಕಲಿತ ಕೈ ಮಾಡುವ ಕೆಲಸ. ತೀರಾ ಚಿಕ್ಕ ಮಕ್ಕಳಲ್ಲಿ ಈ ಪಟ್ಟಿಯೂ ಎಡವುತ್ತೆ.

"ವಿಡಾಲ್ ಪಾಸಿಟಿವ್ ಬಂದೈತಿ"

ನಮ್ಮ ಕಡೆ ಗೊಂದಲ ಮಾಡುವ ಇನ್ನೊಂದು ಟೆಸ್ಟ್ ವಿಡಾಲ್. ಮಗುವಿಗೆ ಹೊಟ್ಟೆ ನೋವು, ಮೈ ಬೆಚ್ಚಗೆ. ಸಿಬಿಸಿ ಜೊತೆ ವಿಡಾಲ್ ಕೂಡ ಮಾಡಿರ್ತಾರೆ. ಸ್ವಲ್ಪ ಪಾಸಿಟಿವ್ ಬರುತ್ತೆ. "ಟೈಫಾಯ್ಡ್ ಐತಿ" ಅಂತ ಸಲೈನು, ಇಂಜೆಕ್ಷನ್ನು ಶುರು.

ವಿಡಾಲ್ 1896ರಷ್ಟು ಹಳೆಯ ಪರೀಕ್ಷೆ. ಇದು ಟೈಫಾಯ್ಡ್ ಬ್ಯಾಕ್ಟೀರಿಯಾವನ್ನು ಹುಡುಕಲ್ಲ, ಅದರ ವಿರುದ್ಧ ದೇಹ ಮಾಡಿದ ಪ್ರತಿಕಾಯಗಳನ್ನು ಹುಡುಕುತ್ತೆ. ಟೈಫಾಯ್ಡ್ ಸಾಮಾನ್ಯವಾಗಿರುವ ನಮ್ಮಂಥ ಕಡೆ ಹಿಂದೆಂದೋ ಆದ ಸೋಂಕಿನಿಂದ, ಬೇರೆ ಜ್ವರದಿಂದ ಕೂಡ ಪಾಸಿಟಿವ್ ಬರಬಹುದು. ಟೈಫಾಯ್ಡ್ ಇದ್ದರೂ ಪ್ರತಿಕಾಯ ಏರೋಕೆ ವಾರದಷ್ಟು ಬೇಕು. ಹಾಗಿರುವಾಗ ನಿನ್ನೆ ರಾತ್ರಿ ಶುರುವಾದ ಹೊಟ್ಟೆ ನೋವಿಗೆ ಇವತ್ತಿನ ವಿಡಾಲ್ ಏನು ಉತ್ತರ ಕೊಟ್ಟೀತು?

ಇದರಲ್ಲಿ ಅಪಾಯ ಎರಡು. ಅಪೆಂಡಿಕ್ಸ್ ಕಡೆ ಯಾರೂ ನೋಡಲ್ಲ. ಜೊತೆಗೆ ಆ್ಯಂಟಿಬಯಾಟಿಕ್‌ನಿಂದ ಲಕ್ಷಣಗಳು ಸ್ವಲ್ಪ ಮಸುಕಾಗಿ, ಎರಡು ದಿನ ಸುಮ್ಮನೆ ಕಳೆದುಹೋಗುತ್ತೆ. ವಿಡಾಲ್ ಪಾಸಿಟಿವ್ ಅಂದಾಗ ಗೌರವದಿಂದಲೇ ಒಂದು ಪ್ರಶ್ನೆ ಕೇಳಿ: "ಸರ್, ನೋವು ಬಲಗಡೆ ಕೆಳಗೈತಿ, ಅಪೆಂಡಿಕ್ಸ್ ಏನಾದ್ರೂ ಇರಬಹುದಾ? ಸರ್ಜನ್ ಹತ್ರ ತೋರಿಸೋಣೇನ್ರಿ?"

ಉಳಿದ ಟೆಸ್ಟುಗಳು

ದೊಡ್ಡ ಆಸ್ಪತ್ರೆಗೆ ಹೋದರೆ ಇನ್ನೂ ಕೆಲವು ಹೆಸರು ಕೇಳ್ತೀರಿ. ಪ್ರೊಕ್ಯಾಲ್ಸಿಟೋನಿನ್ ತೀವ್ರ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಏರುತ್ತೆ. ದುಬಾರಿ ಟೆಸ್ಟ್. ಶುರುವಿನ ಹಂತದ ಅಪೆಂಡಿಸೈಟಿಸ್ ಹಿಡಿಯೋಕೆ ಅಷ್ಟು ಉಪಯೋಗ ಇಲ್ಲ, ಒಡೆದು ಸೋಂಕು ಹರಡಿದೆಯಾ ಅಂತ ಅಂದಾಜು ಮಾಡೋಕೆ ನೆರವಾಗುತ್ತೆ. ಬಿಲಿರುಬಿನ್ ಹೆಚ್ಚಿರೋದು, ರಕ್ತದ ಸೋಡಿಯಂ ಕಡಿಮೆ ಇರೋದು ಕೂಡ ರೋಗ ಮುಂದುವರಿದಿರುವ ಸುಳಿವು ಕೊಡಬಹುದು. ಆದರೆ ಇವು ನಾರ್ಮಲ್ ಇದ್ದ ಮಾತ್ರಕ್ಕೆ ಏನೂ ಇಲ್ಲ ಅಂತಲ್ಲ.

ಹಾಗಾದರೆ ಹೌದು-ಇಲ್ಲ ಅಂತ ಹೇಳುವ ಒಂದೇ ಟೆಸ್ಟ್ ಯಾಕಿಲ್ಲ? ಪ್ರಯತ್ನ ನಡೆದಿದೆ. 2009ರಲ್ಲಿ ಬಾಸ್ಟನ್ ಮಕ್ಕಳ ಆಸ್ಪತ್ರೆಯ ಸಂಶೋಧಕರು ಮಕ್ಕಳ ಮೂತ್ರದಲ್ಲಿ ಎಲ್‌ಆರ್‌ಜಿ ಅನ್ನೋ ಪ್ರೋಟೀನ್ ಗುರುತಿಸಿದರು. ತುಂಬಾ ಭರವಸೆ ಹುಟ್ಟಿತ್ತು. ಅಮೆರಿಕದಲ್ಲೇ ಕೌಂಟ್, ಸಿಆರ್‌ಪಿ ಮತ್ತು ಇನ್ನೊಂದು ಪ್ರೋಟೀನ್ ಮೂರನ್ನೂ ಸೇರಿಸಿ ಅಪ್ಪಿ-1 ಅನ್ನೋ ರಕ್ತ ಪರೀಕ್ಷೆಯನ್ನೂ ಮಾಡಿದರು. ಅಪಾಯ ಕಡಿಮೆ ಇರುವ ಮಕ್ಕಳನ್ನು ಬೇರ್ಪಡಿಸೋದು ಅದರ ಉದ್ದೇಶ. 2015ರ ಆರಂಭದಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಅಪೆಂಡಿಕ್ಸ್ ಊದಿಕೊಂಡಾಗ ರಕ್ತಕ್ಕೆ ಬರುವ ಸಂಕೇತಗಳು ಬೇರೆ ಸೋಂಕುಗಳಲ್ಲೂ ಬರುತ್ತವೆ. ತೊಡಕು ಇರೋದು ಅಲ್ಲೇ.

ಹಾಗಂತ ರಕ್ತ ಪರೀಕ್ಷೆ ವ್ಯರ್ಥ ಅಲ್ಲ. ನೋವು ಶುರುವಾಗಿ ಒಂದು ದಿನ ಕಳೆದ ಮೇಲೂ ಕೌಂಟ್, ನ್ಯೂಟ್ರೋಫಿಲ್, ಸಿಆರ್‌ಪಿ ಮೂರೂ ನಾರ್ಮಲ್ ಇದ್ದು, ಹೊಟ್ಟೆಯೂ ಮೆತ್ತಗಿದ್ದರೆ ಅಪೆಂಡಿಸೈಟಿಸ್ ಸಾಧ್ಯತೆ ಬಹಳ ಕಡಿಮೆಯಾಗುತ್ತೆ. ಎಷ್ಟೋ ಮಕ್ಕಳು ಅನಗತ್ಯ ಆಪರೇಷನ್ ತಪ್ಪಿಸಿಕೊಳ್ಳೋದು ಹೀಗೆ. ಅನುಮಾನ ಉಳಿದರೆ ಮುಂದಿನ ಹೆಜ್ಜೆ ಅಲ್ಟ್ರಾಸೌಂಡ್. ಒತ್ತಿದರೂ ಚಪ್ಪಟೆಯಾಗದ, 6 ಮಿಲಿಮೀಟರಿಗಿಂತ ದಪ್ಪದ ಕೊಳವೆ ಕಂಡರೆ ಅನುಮಾನ ಬಲವಾಗುತ್ತೆ. "ಅಪೆಂಡಿಕ್ಸ್ ಕಾಣಲಿಲ್ಲ" ಅಂತ ಬರೆದಿದ್ದರೆ ಅದು "ಅಪೆಂಡಿಕ್ಸ್ ಚೆನ್ನಾಗಿದೆ" ಅಂತ ಅಲ್ಲ, ಇದನ್ನೂ ನೆನಪಿಡಿ.

ಮನೆಯಲ್ಲಿ ಏನು ಮಾಡಬೇಕು?

ಮೊದಲನೆಯದು, ಸಮಯ ಬರೆದಿಡಿ. ನೋವು ಎಷ್ಟೊತ್ತಿಗೆ ಶುರುವಾಯಿತು, ಎಲ್ಲಿ ಶುರುವಾಗಿ ಎಲ್ಲಿಗೆ ಹೋಯಿತು, ಎಷ್ಟು ಸಲ ವಾಂತಿ, ಯಾವ ಮಾತ್ರೆ ಕೊಟ್ಟಿರಿ. ಫೋನಿನ ನೋಟ್ಸ್‌ನಲ್ಲಿ ನಾಲ್ಕು ಸಾಲು ಸಾಕು. ಡಾಕ್ಟರಿಗೆ ರಿಪೋರ್ಟ್ ಜೊತೆ ಅದನ್ನೂ ತೋರಿಸಿ.

ಎರಡನೆಯದು, ಔಡಲೆಣ್ಣೆ ಕುಡಿಸಬೇಡಿ. ಭೇದಿ ಮಾತ್ರೆ ಬೇಡ. ಬಟ್ಟಿ ಸರಿದಿದೆ ಅಂತ ಹೊಟ್ಟೆ ತಿಕ್ಕಿಸಬೇಡಿ. ಅಜ್ಜಿಯ ಕಾಳಜಿ ನಿಜವೇ, ಆದರೆ ಊದಿದ ಅಪೆಂಡಿಕ್ಸ್ ಮೇಲೆ ಒತ್ತಡ ಒಳ್ಳೆಯದಲ್ಲ. ಆಸ್ಪತ್ರೆಗೆ ಹೊರಟ ಮೇಲೆ ತಿನ್ನೋಕೆ ಏನೂ ಕೊಡಬೇಡಿ, ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕಾಗುತ್ತೆ.

ಮೂರನೆಯದು, ಇವು ಕಂಡರೆ ರಿಪೋರ್ಟಿಗೆ ಕಾಯಬೇಡಿ: ನೋವು ಬಲಗಡೆ ಕೆಳಗೆ ನಿಂತಿದೆ, ನಡೆಯೋಕೆ ಅಥವಾ ಜಿಗಿಯೋಕೆ ಆಗಲ್ಲ, ಹೊಟ್ಟೆ ಗಟ್ಟಿಯಾಗಿದೆ, ವಾಂತಿ ಹಸಿರು ಬಣ್ಣಕ್ಕೆ ತಿರುಗಿದೆ, ಮಗು ಮಂಕಾಗಿದೆ. ಜೋರಾಗಿದ್ದ ನೋವು ಇದ್ದಕ್ಕಿದ್ದಂತೆ ಕಡಿಮೆಯಾಗಿ, ಆಮೇಲೆ ಜ್ವರ ಏರಿದರೂ ಅಷ್ಟೇ. ಅಪೆಂಡಿಕ್ಸ್ ಒಡೆದಾಗ ಸ್ವಲ್ಪ ಹೊತ್ತು ಹಾಗಾಗಬಹುದು. ಗಂಡು ಮಗುವಾದರೆ ವೃಷಣದಲ್ಲಿ ನೋವಿದೆಯಾ ಅಂತ ನಾಚಿಕೆ ಬಿಟ್ಟು ಕೇಳಿ. ಬೆಳೆದ ಹೆಣ್ಣುಮಕ್ಕಳಲ್ಲಿ ಅಂಡಾಶಯ ತಿರುಚಿಕೊಂಡರೂ ಇಂಥದೇ ನೋವು. ಎರಡೂ ತುರ್ತು.

ನಾಲ್ಕನೆಯದು, ದಾರಿಯ ಲೆಕ್ಕ. ಗಂಗಾವತಿಯಿಂದ ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ 40 ಕಿಲೋಮೀಟರಿಗೂ ಹೆಚ್ಚು. ಕುಷ್ಟಗಿ, ಯಲಬುರ್ಗಾದ ಒಳ ಹಳ್ಳಿಗಳಿಂದ ಹೊರಟವರಿಗೆ ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲೆಗೆ, ಕೆಲವೊಮ್ಮೆ ಅಲ್ಲಿಂದ ಬಳ್ಳಾರಿ ಅಥವಾ ಹುಬ್ಬಳ್ಳಿಗೆ. ನಗರದ ಮನೆಯವರಿಗೆ "ಸಂಜೆ ನೋಡೋಣ" ಅಂದರೆ ಸಂಜೆಯೇ. ನಮಗೆ ಅದು ಮರುದಿನ ಬೆಳಿಗ್ಗೆ ಆಗಬಹುದು. ತುರ್ತಾದರೆ 108ಕ್ಕೆ ಕರೆ ಮಾಡಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್, ಇಲ್ಲದಿದ್ದರೆ ರೇಷನ್ ಕಾರ್ಡ್ ಮತ್ತು ಆಧಾರ್ ಜೊತೆಗಿರಲಿ. ಯಾವ ಚಿಕಿತ್ಸೆಗೆ ಯೋಜನೆ ಅನ್ವಯ ಆಗುತ್ತೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ಐದನೆಯದು, ಡಾಕ್ಟರ್ ನೋಡಿ ಮನೆಗೆ ಕಳಿಸಿದರೆ ಒಂದು ಮಾತು ಕೇಳಿಕೊಂಡೇ ಬನ್ನಿ: "ಮತ್ತೆ ಯಾವಾಗ ತೋರಿಸಬೇಕ್ರಿ?" ಸ್ಪಷ್ಟ ಸಮಯ ತಗೊಳ್ಳಿ. ಆ ಸಮಯದೊಳಗೆ ನೋವು ಹೆಚ್ಚಾದರೆ ಅದಕ್ಕೂ ಕಾಯಬೇಡಿ.

ಹಾಗಾದರೆ ಅಕ್ಕನಿಗೆ ಏನು ಉತ್ತರ?

ಪಿಡಿಎಫ್ ಇನ್ನೂ ನಿಮ್ಮ ಕೈಯಲ್ಲೇ ಇದೆ. "ನಾರ್ಮಲ್ ಐತಿ" ಅಂತ ಕಳಿಸೋ ಬದಲು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: "ಅಕ್ಕಾ, ನೋವು ಎಷ್ಟೊತ್ತಿಗೆ ಶುರುವಾತು, ರಕ್ತ ಎಷ್ಟೊತ್ತಿಗೆ ತಗದ್ರು? ಈಗ ನೋವು ಎಲ್ಲೈತಿ, ನಡ್ಯಾಕತ್ತಾನೇನು? ಡಾಕ್ಟರ್ ಹೊಟ್ಟಿ ಮುಟ್ಟಿ ನೋಡಿದ್ರೇನು?"

ಉತ್ತರ ಕೇಳಿ ಅನುಮಾನ ಬಂದರೆ ಹೀಗೆ ಹೇಳಿ: "ರಿಪೋರ್ಟ್ ಈಗ ನಾರ್ಮಲ್ ಐತಿ ಅಕ್ಕಾ, ಆದ್ರ ರಕ್ತ ಲಗೂನ ತಗದಾರ. ಸರ್ಜನ್‌ಗೆ ಇವತ್ತೇ ತೋರಿಸ್ರಿ, ನಾನೂ ಬರ್ತೀನಿ."

ಇವತ್ತಿನ ಸಂಚಿಕೆ ಇಷ್ಟು. ಮನೆಯಲ್ಲಿ ಮಕ್ಕಳಿರುವವರಿಗೆ, ಮುಖ್ಯವಾಗಿ ರಿಪೋರ್ಟ್ ಓದಿ ಹೇಳುವ ಜವಾಬ್ದಾರಿ ಹೊತ್ತ ನಿಮ್ಮಂಥವರಿಗೆ, ಇದನ್ನು ಕಳಿಸಿ. 

(ಇದು ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಮಗುವಿನ ವಿಷಯದಲ್ಲಿ ಪರೀಕ್ಷಿಸಿ ನೋಡಿದ ವೈದ್ಯರ ಸಲಹೆಯೇ ಅಂತಿಮ.)